ತೆನೆಯ ಹಬ್ಬ

ಸೆಪ್ಟೆಂಬರ್ 8 ಮಾತೆ ಮರಿಯಳ ಜನ್ಮದಿನ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಿಗೆ ಇದು ‘ಮೊಂತಿ ಫೆಸ್ತ್’; ಹೊಸ ಬೆಳೆಯ ಹಬ್ಬವೂ ಇದೇ. ಒಂಬತ್ತು ದಿನ ಮಕ್ಕಳು ಬಾಲ ಮರಿಯಳಿಗೆ ಹೂ ಅರ್ಪಿಸುವರು. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುವುದು.

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಾಡಿನ ನಾನಾ ಕಡೆಯ ಜನರಿಗೆ ಅನ್ನವಿತ್ತಿತು. ಅಲ್ಲಿ ದುಡಿಯುತ್ತಿದ್ದ ನನ್ನ ತಂದೆಗೆ ಗದ್ದೆಯೆಲ್ಲಿಯದು? ನ್ಯೂ ಟೌನಿನ ನಮ್ಮ ಮನೆಯ ಹಿತ್ತಲಲ್ಲಿ ದಾಸವಾಳಕ್ಕೇನೂ ಕೊರತೆಯಿರಲಿಲ್ಲ. ತೆನೆ ಮಾತ್ರ ಅಜ್ಜಿಯ ಊರಿನಿಂದ ಲಕೋಟೆಯಲ್ಲಿ ಬರಬೇಕಿತ್ತು. ಆದುದರಿಂದ ನಮ್ಮ ಹಬ್ಬದೂಟದ ದಿನವನ್ನು ಗೊತ್ತುಮಾಡುತ್ತಿದ್ದುದು ಪಂಚಾಂಗವಲ್ಲ, ಅಂಚೆಯವನು ಮತ್ತು ಕಾರ್ಖಾನೆಯ ಪಾಳಿ!

ಅಂದು ಮೀನು ಮಾಂಸಗಳಿಲ್ಲ. ಪಲ್ಯಗಳು ಐದೋ ಏಳೋ, ಬೆಸ ಸಂಖ್ಯೆಯಲ್ಲಿಯೇ ಇರಬೇಕು. ತಂದೆ ಪ್ರಾರ್ಥನೆ ಹೇಳಿ, ಕಾಳುಗಳನ್ನು ಸುಲಿದು ಹಾಲಿಗೆ ಬೆರೆಸಿ ಹಂಚುತ್ತಿದ್ದರು. ಎಲ್ಲರೂ ಕೂಡಿದ ಹೊರತು ಯಾರೂ ತುತ್ತೆತ್ತುವಂತಿರಲಿಲ್ಲ. ಹಸಿದ ನಮಗೆ ಆ ನಿಯಮ ಕಠಿಣವೆನಿಸುತ್ತಿತ್ತು.

ಅಣ್ಣ ಕುವೈತಿಗೆ ಹೋದ ವರ್ಷ ತಾಯಿ ಅವನ ತಟ್ಟೆಯನ್ನೂ ಇಟ್ಟರು. ಊಟವಾದ ಮೇಲೆ ಉಳಿದ ತೆನೆಯಿಂದ ಏಳು ಕಾಳು ಬಿಡಿಸಿ, ಕಾಗದದಲ್ಲಿ ಮಡಿಸಿ, ಲಕೋಟೆಯ ಮೇಲೆ ಅವನ ವಿಳಾಸ ಬರೆಯಲು ನನಗೆ ಹೇಳಿದರು.