ನಡುನೋವೂ ಗುದ್ದಲಿಯ ಕಾವೂ

ನಡುನೋವು ಹಳೆಯದಾದವರಿಗೆ ಊರೆಲ್ಲ ವೈದ್ಯರೇ. ಒಬ್ಬರು ಎಣ್ಣೆ ಹೇಳುತ್ತಾರೆ. ಮತ್ತೊಬ್ಬರು ಸೊಂಟಕ್ಕೆ ಪಟ್ಟಿ ಕಟ್ಟಿರೆನ್ನುತ್ತಾರೆ. ಮೂರನೆಯವರು ಹಲಗೆಯ ಮೇಲೆ ಮಲಗಿರೆಂದು ಅಪ್ಪಣೆ ಕೊಡುತ್ತಾರೆ. ದಿನವಿಡೀ ಕೈಯಲ್ಲಿ ಹಿಡಿಯುವ ಸಾಮಾನು ಎಂಥದೆಂದು ವಿಚಾರಿಸುವವರು ಮಾತ್ರ ವಿರಳ. ಕಣೇಕಲ್ಲು ಕೆರೆಯ ಕೆಳಗೆ ಎರಡು ಎಕರೆ ಗದ್ದೆ, ಮೇಲೆ ಮಸಾರಿಯಲ್ಲಿ ನಾಲ್ಕು ಎಕರೆ ಶೇಂಗಾ, ಇವನ್ನೇ ನಂಬಿದ ನಮಗೆ ವೈದ್ಯರೊಬ್ಬರು ‘ಇನ್ನು ಬಗ್ಗುವುದನ್ನು ಬಿಡಿ’ ಎಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಗ್ಗುವುದನ್ನು ಬಿಡುವುದೆಂದರೆ ನಮ್ಮಲ್ಲಿ ಒಕ್ಕಲುತನವನ್ನೇ ಬಿಡುವುದು. ಹೊಲವನ್ನು ಗುತ್ತಿಗೆಗೆ ಕೊಟ್ಟು ಮನೆಯಲ್ಲಿ ಕೂರಬೇಕು, ಇಲ್ಲವೆ ಸಾಮಾನನ್ನು ಬದಲಿಸಬೇಕು. ನಾವು ಎರಡನೆಯದನ್ನು ಆರಿಸಿಕೊಂಡೆವು.

ವೈದ್ಯರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಸ್ವೀಡನ್ನಿನ ಆಲ್ಫ್ ನಾಖೆಮ್ಸನ್ ಎಂಬ ವೈದ್ಯವಿಜ್ಞಾನಿ 1960 ಮತ್ತು 70ರ ದಶಕಗಳಲ್ಲಿ, ಬೆನ್ನುಮಣಿಗಳ ನಡುವೆ ಇರುವ ಮೆತ್ತೆಗಳೊಳಗೆ ಸೂಜಿ ಇಳಿಸಿ ಅಲ್ಲಿನ ಒತ್ತಡವನ್ನು ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ ಅದು 25, ಮುಂದಕ್ಕೆ ಬಾಗಿದಾಗ 150, ಬಾಗಿ ಭಾರ ಹಿಡಿದಾಗ 220. ನಮ್ಮ ಹೆಣ್ಣುಮಕ್ಕಳು ಕುರ್ಚಿಗೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಬಾಗಿಯೇ ಇರುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು.

ಕಾವಿನ ಉದ್ದ ಕೇವಲ ಅನುಕೂಲದ ವಿಷಯವಲ್ಲ, ನ್ಯಾಯದ ವಿಷಯವೂ ಹೌದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೋ ಮೂಲದ ಕೂಲಿಗಳಿಗೆ ಒಂದಡಿಗಿಂತ ತುಸು ಉದ್ದದ ಕಾವಿನ ಗುದ್ದಲಿಯನ್ನೇ ಕೊಡುತ್ತಿದ್ದರು. ಅದನ್ನು ಅವರು ‘ಎಲ್ ಕೊರ್ತಿತೊ’, ಅಂದರೆ ‘ಗಿಡ್ಡನೆಯದು’, ಎಂದು ಕರೆಯುತ್ತಿದ್ದರು. ಗಿಡ್ಡ ಕಾವಿನಿಂದ ಪೈರಿಗೆ ಪೆಟ್ಟಾಗದೆಂಬುದು ಮಾಲೀಕರ ವಾದ. ಯಾರು ನೆಟ್ಟಗೆ ನಿಂತಿದ್ದಾರೋ ಅವರು ಕೆಲಸಗಳ್ಳರೆಂದು ಮೇಸ್ತ್ರಿಗೆ ದೂರದಿಂದಲೇ ತಿಳಿಯುತ್ತಿತ್ತೆಂಬುದು ಇನ್ನೊಂದು ಗುಟ್ಟು. ಕೂಲಿಗಳು ನ್ಯಾಯಾಲಯಕ್ಕೆ ಹೋದರು. ವೈದ್ಯರು ಸಾಕ್ಷ್ಯ ನುಡಿದರು. 1975ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕೂಲಿಗಳ ಪರವಾಗಿ ತೀರ್ಪಿತ್ತಿತು. ಆ ಗುದ್ದಲಿ ಹೊಲ ಬಿಟ್ಟು ಹೋಯಿತು. ಪೈರೇನೂ ಕೆಡಲಿಲ್ಲ.

ಈ ಕಥೆಯನ್ನು ನಮ್ಮ ಹೊಲಕ್ಕೆ ಬರುವ ಹಿರಿಯಳೊಬ್ಬಳಿಗೆ ಹೇಳಿ, ‘ನಿನಗೂ ಉದ್ದ ಕಾವಿನದು ಮಾಡಿಸಿಕೊಡಲೇನಮ್ಮಾ?’ ಎಂದೆವು. ‘ನೀವೇನೋ ಕೊಡ್ತೀರಣ್ಣ. ಮತ್ತೊಬ್ಬರ ಹೊಲದಾಗ ನಿಂತು ಕಳೆ ತೆಗೆದರೆ ನಾಳೆ ನನ್ನ ಕರೀತಾರೇನು?’ ಎಂದಳು. ಸಮುದ್ರದಾಚೆಯ ಮೇಸ್ತ್ರಿಯೂ ನಮ್ಮೂರ ಮೇಸ್ತ್ರಿಯೂ ಒಂದೇ ಗುರುಕುಲದವರೆಂದು ತೋರಿತು.

ಇರಲಿ, ಕಾವಿನ ಮಾತಿಗೆ ಬರೋಣ. ಹಿಮದ ದೇಶಗಳಲ್ಲಿ ಮಂಜಿನ ಮೇಲೆ ಜಾರುವ ಆಟಕ್ಕೆ ಹಿಡಿಯುವ ಕೋಲನ್ನು ಕೊಳ್ಳುವಾಗ, ನೆಟ್ಟಗೆ ನಿಂತು ಕೋಲು ಹಿಡಿದರೆ ಮೊಣಕೈ ಕಟ್ಟುಕೋನದಲ್ಲಿ ಬಾಗುವಷ್ಟು ಉದ್ದವನ್ನು ಆರಿಸುತ್ತಾರಂತೆ. ಆಟದ ಕೋಲಿಗೇ ಇಷ್ಟು ಅಳತೆಯಿರುವಾಗ ಅನ್ನ ಕೊಡುವ ಗುದ್ದಲಿಗೆ ಅಳತೆ ಬೇಡವೆ? ಕಳೆಗುದ್ದಲಿಯ ಅಲಗನ್ನು ನೆಲಕ್ಕೂರಿ ನಿಂತರೆ ಕಾವಿನ ತುದಿ ಹೆಗಲ ಮಟ್ಟಕ್ಕಾದರೂ ಬರಬೇಕು. ಆದರೆ ಹಳೆಯ ಗುದ್ದಲಿಗೆ ಉದ್ದ ಕಾವು ತುರುಕಿದ ಮಾತ್ರಕ್ಕೆ ಕೆಲಸವಾಗದು. ಗಿಡ್ಡ ಕಾವಿಗೆಂದು ಬಾಗಿಸಿದ ಅಲಗು ಉದ್ದ ಕಾವಿನಲ್ಲಿ ನೆಲವನ್ನು ಸವರದೆ ನೆಟ್ಟಗೆ ನಾಟಿಕೊಳ್ಳುತ್ತದೆ. ಕಮ್ಮಾರನ ಬಳಿ ಕುತ್ತಿಗೆಯನ್ನು ಮತ್ತೆ ಬಾಗಿಸಬೇಕು. ಅಲಗೂ ತೆಳುವಾಗಿರಬೇಕು, ಏಕೆಂದರೆ ಉದ್ದ ಕೋಲಿನ ತುದಿಯಲ್ಲಿ ಸಣ್ಣ ಭಾರವೂ ದೊಡ್ಡದಾಗುತ್ತದೆ. ಅಗೆಯುವ ಗುದ್ದಲಿಯೇ ಬೇರೆ, ಕಳೆ ಸವರುವ ಗುದ್ದಲಿಯೇ ಬೇರೆ. ಎರಡಕ್ಕೂ ಒಂದನ್ನೇ ಇಟ್ಟುಕೊಳ್ಳುವುದು ನಡುವಿಗೆ ದ್ರೋಹ.

ಶೇಂಗಾದ ಸಾಲುಗಳಿಗೆ ಗಾಲಿಯ ಎಡೆಕುಂಟೆ ಒಳ್ಳೆಯದು. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಎರಡು ಗಾಲಿಯದನ್ನು ರೂಪಿಸಿದ್ದಾರೆ. ನಿಂತುಕೊಂಡು ಮುಂದೆ ತಳ್ಳಿ ಹಿಂದೆ ಎಳೆಯುವ ಸಾಧನ. ನಾವು ಅಂಗಡಿಯೊಂದರಲ್ಲಿ ಕೊಂಡ ಇಂಥ ಕುಂಟೆಯ ಹಿಡಿ ನಮಗೆ ಸರಿಹೋಯಿತು, ಮನೆಯವರಿಗೆ ಎದೆಗೆ ಬಡಿಯುತ್ತಿತ್ತು. ಕಮ್ಮಾರನು ಹಿಡಿಯ ಕಂಬಿಗೆ ಮೂರು ತೂತು ಕೊರೆದು ಬೋಲ್ಟು ಹಾಕಿಕೊಟ್ಟ. ಈಗ ಇಬ್ಬರಿಗೂ ಹಿಡಿ ಸೊಂಟಕ್ಕಿಂತ ತುಸು ಮೇಲೆ ಬರುತ್ತದೆ. ಕೊಳ್ಳುವ ಮುನ್ನ ಹಿಡಿಯ ಎತ್ತರ ಬದಲಿಸಲು ಬರುವುದೇ ಎಂದು ನೋಡಿಕೊಳ್ಳುವುದು ಬಣ್ಣ ನೋಡುವುದಕ್ಕಿಂತ ಮುಖ್ಯ. ಇನ್ನು ತಿಳಿವಳಿಕೆಯ ಚೀಟಿಗಳ ಮಾತು. 1953ರ ಅಕ್ಟೋಬರ್ 1ರಂದು ರಾಯದುರ್ಗ ಆಂಧ್ರಕ್ಕೆ ಸೇರಿದ ಮೇಲೆ ನಮ್ಮ ಕಳೆ ಕಛೇರಿಯಲ್ಲಿ ‘ಕಲುಪು’ ಆಯಿತು, ಕುಡುಗೋಲು ‘ಕೊಡವಲಿ’ ಆಯಿತು. ನಡುವಿಗೆ ಮಾತ್ರ ಎರಡು ಭಾಷೆಯಲ್ಲಿಯೂ ನೋವು ಒಂದೇ.

ಗದ್ದೆಯ ಕಳೆಗೆ ತಳ್ಳುವ ‘ಕೋನೋವೀಡರ್’ ಇದೆ. ಆದರೆ ಅದು ಸಾಲು ಬೇಡುತ್ತದೆ. ಮಡಗಾಸ್ಕರಿನಲ್ಲಿ 1980ರ ದಶಕದಲ್ಲಿ ರೂಪುಗೊಂಡು ಆಂಧ್ರಕ್ಕೂ ಬಂದ ‘ಶ್ರೀ’ ಪದ್ಧತಿಯಂತೆ, 25 ಸೆಂಟಿಮೀಟರಿಗೊಂದು ಸಸಿಯನ್ನು ಹಗ್ಗ ಹಿಡಿದು ನೆಟ್ಟರೆ ಮಾತ್ರ ಅದು ಓಡುತ್ತದೆ. ಅಂದರೆ ಕಳೆ ತೆಗೆಯುವ ಸಾಮಾನನ್ನು ನಾಟಿಯ ದಿನವೇ ಆರಿಸಬೇಕು. ನಮ್ಮ ಎರೆಯಲ್ಲಿ ನೀರು ತೆಳುವಾಗಿ ನಿಂತಿರದಿದ್ದರೆ ಕೆಸರು ಹಲ್ಲುಗಳಿಗೆ ಮೆತ್ತಿಕೊಂಡು, ತಳ್ಳುವವನ ನಡು ಬಾಗುವವನ ನಡುವಿಗಿಂತ ಹೆಚ್ಚು ನೋಯುತ್ತದೆ. ನೀರು ಹಾಯಿಸಿದ ಮರುದಿನ ತಳ್ಳುವುದು ನಮ್ಮ ರೂಢಿ.

ಭಾರದ ವಿಷಯವನ್ನು ಬೇಗ ಮುಗಿಸೋಣ. ಎಲ್ಲವೂ ಅನುಕೂಲವಾಗಿದ್ದಾಗಲೂ ಒಬ್ಬರು ಎತ್ತಬಹುದಾದದ್ದು 23 ಕಿಲೋ ಎಂದು ಅಮೆರಿಕದ ತಜ್ಞರು 1991ರಲ್ಲಿ ಸೂತ್ರ ಹಾಕಿದರು. ನಮ್ಮ ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋಗೆ ಇಳಿಯಿತು. ಆದರೂ ಅದು ಇಬ್ಬರ ಚೀಲವೇ. ಬೆನ್ನಿಗೆ ಕಟ್ಟುವ 16 ಲೀಟರಿನ ಔಷಧ ಸಿಂಪಡಿಸುವ ಡಬ್ಬಿ ತುಂಬಿದರೆ 20 ಕಿಲೋ ಮುಟ್ಟುತ್ತದೆ. ಅರ್ಧ ತುಂಬಿಸಿ ಎರಡು ಸಾರಿ ಓಡಾಡುವುದೇ ಲೇಸು. ಅದನ್ನು ನೆಲದಿಂದೆತ್ತದೆ ಬದುವಿನ ಮೇಲಿಟ್ಟು ಹೆಗಲಿಗೇರಿಸಬೇಕು.

ಮನೆಯೊಳಗೂ ಇದೇ ಲೆಕ್ಕ. ಅಂಗಳದ ಪೊರಕೆಗೆ ಬಿದಿರಿನ ಉದ್ದ ಕೋಲು ಕಟ್ಟಿದರೆ ‘ಇದೇನು ಪಂಚಾಯಿತಿ ಪೊರಕೆ’ ಎಂದು ಅತ್ತೆಯವರು ನಕ್ಕಾರು. ನಗಲಿ. ಹಿತ್ತಾಳೆಯ ದೊಡ್ಡ ಕೊಡವೊಂದನ್ನು ಒಂದೇ ಕಂಕುಳಲ್ಲಿಡುವುದರ ಬದಲು ಸಣ್ಣವೆರಡನ್ನು ಎರಡು ಕೈಯಲ್ಲಿ ಹಿಡಿದರೆ ಬೆನ್ನು ಒಂದು ಕಡೆಗೆ ವಾಲದು. ಸೊಂಟದ ಪಟ್ಟಿಯನ್ನು ಮಾತ್ರ ನೆಚ್ಚಬೇಡಿ: ಆರೋಗ್ಯವಂತರು ಅದನ್ನು ಕಟ್ಟಿಕೊಂಡರೆ ನೋವು ಬಾರದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1994ರಲ್ಲಿಯೇ ಹೇಳಿತು. ಕಾಲು ಜೋಮು ಹಿಡಿದು ಬಲ ತಪ್ಪಿದರೆ, ಮೂತ್ರ ಕಟ್ಟಿದರೆ, ಸಾಮಾನಿನ ಮಾತನ್ನು ಅಲ್ಲಿಗೇ ಬಿಟ್ಟು ಒಡನೆ ಆಸ್ಪತ್ರೆಗೆ ಹೋಗತಕ್ಕದ್ದು.

ಒಂದು ಕೆಲಸಕ್ಕೆ ಮಾತ್ರ ಯಾವ ಕಾವೂ ಒದಗುವುದಿಲ್ಲ. ಬಿತ್ತಿ ನಲವತ್ತು ನಲವತ್ತೈದು ದಿನವಾದ ಮೇಲೆ ಶೇಂಗಾದ ಊಡುಗಳು ಮಣ್ಣಿಗೆ ಇಳಿಯುತ್ತವೆ. ಆಮೇಲೆ ಕುಂಟೆ ಆಡಿಸಿದರೆ ಅವು ಕಿತ್ತು ಕಾಯಿ ಕಟ್ಟುವುದಿಲ್ಲ, ಕೈಯಿಂದಲೇ ಕಳೆ ಕೀಳಬೇಕು. ಇದಕ್ಕೆ ನಾವು ಹಳೆಯ ಟೈರಿನ ತುಂಡಿಗೆ ಗೋಣಿ ಹೊಲಿದು ಮೊಣಕಾಲಿಗೆ ಕಟ್ಟಿಕೊಂಡು, ಒಂದು ಕೈಯನ್ನು ನೆಲಕ್ಕೂರಿ ಮತ್ತೊಂದು ಕೈಯಿಂದ ಕೀಳುತ್ತೇವೆ. ಒಂದು ಸಾಲು ಮುಗಿದೊಡನೆ ಎದ್ದು, ಬದುವಿನ ಬೇವಿನವರೆಗೆ ನಡೆದು, ನೀರು ಕುಡಿದು ಬರುತ್ತೇವೆ. ಈ ವರ್ಷ ಆ ಹಿರಿಯಳಿಗೂ ಒಂದು ಜೊತೆ ಹೊಲಿಸಿ ಕೊಟ್ಟಿದ್ದೇವೆ. ಅದನ್ನು ಸೀರೆಯ ಒಳಗೆ ಕಟ್ಟಿಕೊಳ್ಳಬಹುದಾದ್ದರಿಂದ ಮತ್ತೊಬ್ಬರ ಹೊಲಕ್ಕೂ ಒಯ್ಯುತ್ತಾಳೆ.