ಸಿಲುಕಿದ ಚಕ್ರಕ್ಕೊಂದು ಆಸರೆ



ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನೆಲೆಸಿರುವ ನಮಗೆ ಮಳೆಗಾಲದ ಕೆಮ್ಮಣ್ಣಿನ ಪರಿಚಯ ಚೆನ್ನಾಗಿಯೇ ಇದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂಥ ಹಳೆಯ ಬಡಾವಣೆಗಳಲ್ಲಿ ಡಾಂಬರು ರಸ್ತೆಗಳಿದ್ದರೂ, ನೀರಿನ ಕೊಳವೆಗೋ ಒಳಚರಂಡಿಗೋ ಅಗೆದು ಸಡಿಲ ಮಣ್ಣಿನಿಂದ ಮುಚ್ಚಿದ ಜಾಗ ಒಂದೇ ಜೋರು ಮಳೆಗೆ ಕುಸಿಯುತ್ತದೆ. ಕೆಂಗೇರಿಯ ಆಚೆ, ನಾಡಪ್ರಭು ಕೆಂಪೇಗೌಡ ಬಡಾವಣೆಯಂಥ ಹೊಸ ನಿವೇಶನಗಳ ಕಡೆಗೆ ಹೋದರಂತೂ, ಮನೆ ಕಟ್ಟುವ ಲಾರಿಗಳು ಕೊರೆದಿಟ್ಟ ಜಾಡುಗಳಲ್ಲಿ ನೀರು ನಿಂತು, ಗಟ್ಟಿ ನೆಲ ಯಾವುದು, ಹುದುಲು ಯಾವುದು ಎಂದು ತಿಳಿಯುವುದಿಲ್ಲ. ಸಂಜೆ ಕೆಲಸ ಮುಗಿದ ಮೇಲೆ, ಏಳುತ್ತಿರುವ ತಮ್ಮ ಮನೆಯನ್ನು ನೋಡಿಬರಲೆಂದು ಒಬ್ಬರೇ ಕಾರಿನಲ್ಲಿ ಹೋಗುವವರು ನಮ್ಮ ಕುಟುಂಬಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅಂಥವರ ಕಾರಿನ ಚಕ್ರ ಹೂತುಹೋದಾಗ, ನೂಕಲು ಹತ್ತಿರದಲ್ಲಿ ಯಾರೂ ಇಲ್ಲದಿದ್ದಾಗ, ಕೈಗೆ ಸಿಗುವ ವಸ್ತುಗಳಿಂದಲೇ ಹೊರಬರುವುದು ಸಾಧ್ಯವೇ? ಬಹಳಷ್ಟು ಸಂದರ್ಭಗಳಲ್ಲಿ ಸಾಧ್ಯ. ಆದರೆ ಅದಕ್ಕೆ ಮೊದಲು ಒಂದು ಕೆಲಸವನ್ನು ನಿಲ್ಲಿಸಬೇಕು.

ನಿಲ್ಲಿಸಬೇಕಾದದ್ದು ಆಕ್ಸಲರೇಟರನ್ನು ತುಳಿಯುವುದನ್ನು. ಚಕ್ರ ಹೂತಾಗ ಹೆಚ್ಚು ಬಲ ಕೊಟ್ಟರೆ ಹೊರಬರಬಹುದೆಂದು ನಮಗೆ ತೋರುವುದು ಸಹಜ. ನಿಜವೇನೆಂದರೆ, ಇಂಜಿನ್ನಿನಲ್ಲಿ ಬಲಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಟೈರು ಮತ್ತು ನೆಲದ ನಡುವಿನ ಹಿಡಿತಕ್ಕೆ. ಜಾರುತ್ತಾ ತಿರುಗುವ ಚಕ್ರವು ತನ್ನ ಕೆಳಗಿನ ಮಣ್ಣನ್ನು ಅಗೆದು ಹಿಂದಕ್ಕೆ ಎಸೆಯುತ್ತದೆ, ಟೈರಿನ ಗೀರುಗಳಲ್ಲಿ ಜೇಡಿ ತುಂಬಿ ಅದು ಇನ್ನೂ ನುಣುಪಾಗುತ್ತದೆ. ಎರಡು ನಿಮಿಷದ ಅವಸರದಿಂದ ಗೇಣುದ್ದದ ಗುಂಡಿ ಮೊಳದುದ್ದವಾಗಿ, ಕಾರಿನ ಹೊಟ್ಟೆಯೇ ನೆಲಕ್ಕೆ ತಾಗಿಬಿಡುತ್ತದೆ. ಆ ಸ್ಥಿತಿಯಲ್ಲಿ ಒಬ್ಬರಿಂದ ಆಗುವ ಕೆಲಸ ಬಹಳ ಕಡಿಮೆ.

ಇನ್ನೊಂದು ಸಂಗತಿಯನ್ನೂ ತಿಳಿದಿರುವುದು ಒಳ್ಳೆಯದು. ಕಾರಿನ ಡಿಫರೆನ್ಷಿಯಲ್ ಎಂಬ ಭಾಗವು ತಿರುವುಗಳಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಉರುಳಲು ಅನುವು ಮಾಡಿಕೊಡುತ್ತದೆ. ಕೆಸರಿನಲ್ಲಿ ಇದೇ ಸೌಲಭ್ಯ ತೊಡಕಾಗುತ್ತದೆ: ಜಾರುವ ಚಕ್ರ ಮಾತ್ರ ಗಿರಗಿರನೆ ತಿರುಗಿ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತುಬಿಡುತ್ತದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಂಥ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಹ್ಯಾಂಡ್‌ಬ್ರೇಕನ್ನು ತುಸುವೇ ಎಳೆದು ಜಾರುವ ಚಕ್ರವನ್ನು ತಡೆದರೆ, ಇನ್ನೊಂದು ಚಕ್ರಕ್ಕೂ ಬಲ ಸಿಗುತ್ತಿತ್ತು. ಇಂದಿನ ಬಹುತೇಕ ಸಣ್ಣ ಕಾರುಗಳಲ್ಲಿ ಇಂಜಿನ್ನು ಮುಂಚಕ್ರಗಳನ್ನು ನಡೆಸುತ್ತದೆ, ಹ್ಯಾಂಡ್‌ಬ್ರೇಕ್ ಹಿಂಚಕ್ರಗಳನ್ನು ಹಿಡಿಯುತ್ತದೆ. ಆದುದರಿಂದ ಹಿರಿಯರು ಕಲಿಸಿದ ಆ ಉಪಾಯ ಇಲ್ಲಿ ನಡೆಯದು. ಜಾರುವ ಚಕ್ರಕ್ಕೇ ಆಸರೆ ಒದಗಿಸಬೇಕು.

ಅದಕ್ಕಾಗಿ ಕಾರಿನಿಂದ ಇಳಿಯಿರಿ. ಯಾವ ಚಕ್ರ ಸಿಲುಕಿದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಸುಲಭವೇ ಎಂದು ನೋಡಿ. ಸಾಮಾನ್ಯವಾಗಿ ಹಿಂದಕ್ಕೆ ಹೋಗುವುದೇ ಲೇಸು, ಏಕೆಂದರೆ ಆ ನೆಲ ಈಗಾಗಲೇ ನಿಮ್ಮ ಭಾರವನ್ನು ಹೊತ್ತಿದೆ. ಚಕ್ರದ ಮುಂದಿನ ಅಥವಾ ಹಿಂದಿನ ಕೆಸರನ್ನು ತೋಡಿ, ಗುಂಡಿಯ ಕಡಿದಾದ ಅಂಚನ್ನು ಇಳಿಜಾರು ಮಾಡಿ. ಆಮೇಲೆ ಗೋಣಿಚೀಲವನ್ನೋ, ತೆಂಗಿನ ನಾರಿನ ಚಾಪೆಯನ್ನೋ, ಗರಿಯಿರುವ ತೆಂಗಿನ ಮಟ್ಟೆಯನ್ನೋ, ಬೇರೇನೂ ಇಲ್ಲದಿದ್ದರೆ ಕಾರಿನೊಳಗಿನ ರಬ್ಬರ್ ಮ್ಯಾಟನ್ನು ಮಗುಚಿಯೋ ಚಕ್ರದಡಿಗೆ ಆದಷ್ಟು ಒಳಕ್ಕೆ ತುರುಕಿ. ಸ್ಟಿಯರಿಂಗ್ ನೇರವಾಗಿರಲಿ, ಆಕ್ಸಲರೇಟರ್ ಮೆಲ್ಲಗಿರಲಿ. ನಮ್ಮ ಊರುಗಳಲ್ಲಿ ತೇರು ನಿಂತುಹೋದಾಗ, ಹಗ್ಗ ಎಳೆಯುವ ನೂರಾರು ಜನರ ಜತೆಗೆ, ಗಾಲಿಯ ಬಳಿ ಸನ್ನೆಗೋಲು ಹಿಡಿದು ನಿಂತ ಕೆಲವರೂ ಇರುತ್ತಾರಲ್ಲವೇ? ಅಷ್ಟು ದೊಡ್ಡ ತೇರಿಗೆ ಮೊದಲ ಚಲನೆ ಸಿಗುವುದು ಗಾಲಿಯ ಬುಡದಲ್ಲಿ ಹಾಕಿದ ಆ ಮರದ ತುಂಡಿನಿಂದ.

ಇದೇ ಉಪಾಯಕ್ಕೆ ಮರುಭೂಮಿಯಲ್ಲೊಂದು ಇತಿಹಾಸವಿದೆ. 1920ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನೋಲ್ಡ್ ಮತ್ತು ಗೆಳೆಯರು ಸಾಧಾರಣ ಫೋರ್ಡ್ ಕಾರುಗಳಲ್ಲಿ ಈಜಿಪ್ಟಿನಿಂದ ಲಿಬಿಯಾದ ಮರಳುಗಾಡಿಗೆ ಹೊರಟರು. ಮೊದಲನೆಯ ಮಹಾಯುದ್ಧದಲ್ಲಿ ನೆಲಮನೆಗಳಿಗೆ ಚಾವಣಿ ಹಾಕಲೆಂದು ತಯಾರಿಸಿದ್ದ ಉಕ್ಕಿನ ಪಟ್ಟಿಗಳು ಕೈರೋದ ಗುಜರಿಯಲ್ಲಿ ಅವರಿಗೆ ಸಿಕ್ಕವು. ಮರಳಿನಲ್ಲಿ ಹೂತ ಚಕ್ರದಡಿ ಅವನ್ನಿಟ್ಟು, ಕಾರು ಮೇಲೆದ್ದ ಕೂಡಲೇ ಎತ್ತಿಕೊಂಡು ಮುಂದೆ ಸಾಗಿದರು. 1940ರಲ್ಲಿ ಬ್ಯಾಗ್ನೋಲ್ಡ್ ಕಟ್ಟಿದ ಮರುಭೂಮಿ ಸೇನಾದಳದ ಲಾರಿಗಳೂ ಅಂಥ ಪಟ್ಟಿಗಳನ್ನು ಹೊತ್ತು ತಿರುಗಿದವು. ಇಂದು ಸಾಹಸ ಚಾಲಕರು ಬೆಲೆಕೊಟ್ಟು ಕೊಳ್ಳುವ ಪ್ಲಾಸ್ಟಿಕ್ ಹಲಗೆಗಳ ತತ್ತ್ವವೂ ಅದೇ. ನಿಮ್ಮ ಗೋಣಿಚೀಲ ಮಾಡುವುದೂ ಅದೇ ಕೆಲಸ.

ಚಕ್ರ ಹೆಚ್ಚು ಆಳಕ್ಕೆ ಇಳಿದಿದ್ದರೆ ಜಾಕ್ ಬೇಕಾಗುತ್ತದೆ. ಕೆಸರಿನ ಮೇಲಿಟ್ಟ ಜಾಕ್ ಕಾರನ್ನು ಎತ್ತುವ ಬದಲು ತಾನೇ ಹೂತುಹೋಗುವುದರಿಂದ, ಅದರಡಿಗೆ ಒಂದಡಿ ಚೌಕದ ದಪ್ಪ ಹಲಗೆಯನ್ನಿಡಬೇಕು. ಚಕ್ರ ಮೇಲೆದ್ದಾಗ ಕೆಳಗಿನ ಗುಂಡಿಗೆ ಜಲ್ಲಿಯನ್ನೋ ಇಟ್ಟಿಗೆ ಚೂರನ್ನೋ ಕೋಲಿನಿಂದ ತಳ್ಳಿ ತುಂಬಿ, ಮೇಲೆ ಗೋಣಿ ಹಾಸಿ, ಜಾಕನ್ನು ಇಳಿಸಿ. ಎಂಥ ಸಂದರ್ಭದಲ್ಲೂ ಕಾರಿನಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ತೂರಿಸಬೇಡಿ. ಒಬ್ಬರೇ ಇರುವಾಗ ಜಾಕ್ ಜಾರಿದರೆ ಎತ್ತುವವರಿಲ್ಲ. ನಿಮ್ಮ ಕಾರಿನಲ್ಲಿ ಜಾಕ್ ಇದೆಯೇ ಎಂಬುದನ್ನೂ ಇಂದೇ ನೋಡಿಕೊಳ್ಳಿ. ನಾವು ಮನೆಮಾತಿನಂತೆ ಬಳಸುವ ‘ಸ್ಟೆಪ್ನಿ’ ಎಂಬ ಪದ, 1904ರಲ್ಲಿ ಬಿಡಿ ಚಕ್ರವನ್ನು ತಯಾರಿಸಿದ ಡೇವಿಸ್ ಸಹೋದರರ ಊರಾದ ವೇಲ್ಸ್ ನಾಡಿನ ಲನೆಲಿಯ ಸ್ಟೆಪ್ನಿ ಬೀದಿಯಿಂದ ಬಂದದ್ದು. ನಮ್ಮ ದೇಶದಲ್ಲಿ 2020ರ ನಿಯಮ ತಿದ್ದುಪಡಿಯ ಬಳಿಕ, ಗಾಳಿಯೊತ್ತಡ ತಿಳಿಸುವ ಸಾಧನ ಮತ್ತು ಪಂಕ್ಚರ್ ಕಿಟ್ ಇರುವ ಟ್ಯೂಬ್‌ಲೆಸ್ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಜಾಕ್ ಕೂಡ ಇಲ್ಲದಿರಬಹುದು.

ಟೈರಿನ ಗಾಳಿಯನ್ನು ಸುಮಾರು 20 ಪಿಎಸ್‌ಐವರೆಗೆ ಇಳಿಸಿದರೆ ಟೈರು ಚಪ್ಪಟೆಯಾಗಿ, ನೆಲವನ್ನು ಹೆಚ್ಚು ಅಗಲಕ್ಕೆ ಹಿಡಿಯುತ್ತದೆ. ಹೊರಬಂದ ಮೇಲೆ ನಿಧಾನವಾಗಿ ಚಲಿಸಿ, ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಮತ್ತೆ ತುಂಬಿಸಬೇಕು. ಇನ್ನು ಕಾರಿಗೂ ಮರಕ್ಕೂ ಹಗ್ಗ ಬಿಗಿದು, ನಡುವೆ ಕೋಲು ತೂರಿಸಿ ತಿರುಚಿ ಎಳೆಯುವ ಹಳೆಯ ವಿಧಾನವೊಂದಿದೆ. ಅದು ಕೆಲಸ ಮಾಡುವುದು ನಿಜ. ಆದರೆ ಹಗ್ಗ ಹರಿದರೆ ಅಥವಾ ಕೋಲು ಕೈತಪ್ಪಿದರೆ ಪೆಟ್ಟು ಪ್ರಾಣಾಂತಕ. ಅಭ್ಯಾಸವಿಲ್ಲದವರು ಅದರ ಗೋಜಿಗೆ ಹೋಗದಿರುವುದೇ ಕ್ಷೇಮ. ವಿದ್ಯುತ್ ಕಂಬಕ್ಕಂತೂ ಯಾರೂ ಹಗ್ಗ ಕಟ್ಟಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಕೆಸರಿನಲ್ಲಿ ಸಿಲುಕಿದ ಕಾರು ಕಾಯಬಲ್ಲದು. ಏರುವ ನೀರು ಕಾಯುವುದಿಲ್ಲ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನ ಮಳೆನೀರಿನಲ್ಲಿ ಕಾರೊಂದು ಸಿಲುಕಿ, ಅದರಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ನೀರು ಏರುತ್ತಿದ್ದರೆ ಗೋಣಿಯನ್ನೂ ಜಾಕನ್ನೂ ಮರೆತು, ಬಾಗಿಲೋ ಕಿಟಕಿಯೋ ತೆರೆಯುವಾಗಲೇ ಹೊರಬಂದು ಎತ್ತರದ ಜಾಗಕ್ಕೆ ಹೋಗಿ, 112ಕ್ಕೆ ಕರೆ ಮಾಡಿ. ಕೆಸರಿನಲ್ಲಿಯೂ ಸೈಲೆನ್ಸರಿನ ಬಾಯಿ ಮುಚ್ಚಿಹೋಗಿದ್ದರೆ, ಇಂಜಿನ್ ಚಾಲನೆಯಲ್ಲಿಟ್ಟು ಒಳಗೆ ಕುಳಿತುಕೊಳ್ಳಬೇಡಿ. ವಾಸನೆಯಿಲ್ಲದ ವಿಷಾನಿಲ ಒಳಗೆ ತುಂಬೀತು. ಎರಡು ಮೂರು ಪ್ರಯತ್ನಗಳಲ್ಲಿ ಕಾರು ಕದಲದಿದ್ದರೆ, ಅಲ್ಲೇ ಬಿಟ್ಟು ಮನೆಗೆ ಹೋಗಿ ಬೆಳಿಗ್ಗೆ ಟ್ರಾಕ್ಟರಿನೊಡನೆ ಬರುವುದರಲ್ಲಿ ಅವಮಾನವೇನಿಲ್ಲ. ಮನೆಯವರು ಕಾಯುತ್ತಿರುವುದು ನಿಮಗಾಗಿಯೇ ಹೊರತು ಕಾರಿಗಾಗಿ ಅಲ್ಲ.

ಈ ಮಳೆಗಾಲಕ್ಕೆ ಮುನ್ನ ಡಿಕ್ಕಿಯಲ್ಲಿ ಎರಡು ಗೋಣಿಚೀಲ, ಒಂದು ಹಲಗೆ, ಒಂದು ಚಿಕ್ಕ ಸಲಿಕೆ, ಒಂದು ಟಾರ್ಚ್ ಇಟ್ಟುಕೊಳ್ಳಿ. ಕಾರು ಚಲಾಯಿಸಲು ಕಲಿಯುತ್ತಿರುವ ಮಗ ಅಥವಾ ಮಗಳಿಗೆ ಹಗಲಿನಲ್ಲೇ ಅವುಗಳ ಬಳಕೆಯನ್ನು ತೋರಿಸಿಕೊಡಿ. ಹೊರಬಂದ ಸಂತೋಷದಲ್ಲಿ ಹಾಗೆಯೇ ಹೊರಟುಬಿಡಬೇಡಿ. ನೀವಿಟ್ಟ ಇಟ್ಟಿಗೆ, ಕಲ್ಲುಗಳನ್ನು ರಸ್ತೆಯಿಂದ ಎತ್ತಿ, ಚಕ್ರ ತೋಡಿದ ಗುಂಡಿಗೆ ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡಿ. ಅದೇ ದಾರಿಯಲ್ಲಿ ಕತ್ತಲಾದ ಮೇಲೆ ಸ್ಕೂಟರಿನಲ್ಲಿ ಇನ್ನೊಬ್ಬರು ಮನೆಗೆ ಮರಳುವವರಿದ್ದಾರೆ.