ಒಡೆದದ್ದು ಸೀಸೆ, ಬೈಸಿಕೊಂಡದ್ದು ಸೊಸೆ

ಮನೆಯಲ್ಲಿ ಗಾಜಿನ ಸಾಮಾನು ಒಡೆದರೆ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು 'ಅಪಶಕುನ'. ಎರಡನೆಯದು 'ಯಾರ ಕೈಯಲ್ಲಿತ್ತು?' ಊರು ಬಿಟ್ಟು ಎರಡು ಸಾವಿರ ಕಿಲೋಮೀಟರು ದೂರದ ದೆಹಲಿಗೆ ಬಂದರೂ ಈ ಎರಡು ಮಾತುಗಳನ್ನು ನಾವು ಟ್ರಂಕಿನಲ್ಲಿಟ್ಟು ಜೋಪಾನವಾಗಿ ತಂದಿದ್ದೇವೆ. 'ಏಕೆ ಒಡೆಯಿತು?' ಎಂಬ ಮೂರನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹೋದ ಜನವರಿಯಲ್ಲಿ ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಹೀಗೇ ಆಯಿತು. ಧಾರವಾಡ ಕಡೆಯ ಒಂದು ಸಂಸಾರಕ್ಕೆ ಸೊಸೆ ಬಂದು ಎರಡು ತಿಂಗಳಾಗಿತ್ತಷ್ಟೆ. ಹುಡುಗಿ ಉಪ್ಪಿನಕಾಯಿಗೆ ಒಗ್ಗರಣೆ ಕಾಸಿ, ಒಲೆಯಿಂದ ಇಳಿಸಿದವಳೇ ದಪ್ಪ ಗಾಜಿನ ಸೀಸೆಗೆ ಸುರಿದಳು. ಚಟ್ಟೆಂದು ಸದ್ದಾಯಿತು; ಸೀಸೆಯ ತಳವೇ ಕಳಚಿ ಬಿತ್ತು. ಬಿಸಿ ಎಣ್ಣೆಯೆಲ್ಲ ಪಾದದ ಮೇಲೆ. ಸುಟ್ಟ ಕಾಲಿಗೆ ತಣ್ಣೀರು ಸುರಿಯುವ ಮೊದಲೇ ಅತ್ತೆಯವರು, "ಇಪ್ಪತ್ತ ವರ್ಷ ಊರಾಗ ಏನೂ ಆಗದ ಸೀಸೆ! ಇಕಿ ಕಾಲ್ಗುಣ ನೋಡ್ರಿ" ಎಂದುಬಿಟ್ಟರು. ಹುಡುಗಿ ಅತ್ತದ್ದು ಎಣ್ಣೆಯ ಉರಿಗಲ್ಲ.

ನಾವು ಓದಿದ್ದು ಬಿ.ಎಸ್ಸಿ.; ಮಾಡುತ್ತಿರುವುದು ಕೇಂದ್ರ ಸರ್ಕಾರದ ಗುಮಾಸ್ತಿಕೆ. ಫೈಲುಗಳ ನಡುವೆ ಉಳಿದುಕೊಂಡ ಭೌತಶಾಸ್ತ್ರ ಅಷ್ಟಕ್ಕಷ್ಟೇ. ಆದರೂ ಆ ಸೊಸೆಯ ಪರವಾಗಿ ವಕಾಲತ್ತು ವಹಿಸಲು ಅದು ಸಾಕು.

ಗಾಜನ್ನು ಒಡೆಯುವುದು ಬಿಸಿಯಲ್ಲ, ಬಿಸಿಯ ವ್ಯತ್ಯಾಸ. 10 ಸೆಂಟಿಮೀಟರ್ ಉದ್ದದ ಸಾಮಾನ್ಯ ಗಾಜು 80 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಹಿಗ್ಗುವುದು ಸುಮಾರು 0.07 ಮಿಲಿಮೀಟರ್, ಎಂದರೆ ಒಂದು ತಲೆಗೂದಲಿನ ದಪ್ಪ. ಇಡೀ ಸೀಸೆ ಒಟ್ಟಿಗೆ ಹಿಗ್ಗಿದರೆ ತೊಂದರೆಯಿಲ್ಲ. ಆದರೆ ಗಾಜಿನಲ್ಲಿ ಶಾಖ ಹರಿಯುವುದು ಕಚೇರಿಯಲ್ಲಿ ಆಜ್ಞೆ ಹರಿದಂತೆ: ಒಳಕೋಣೆಯಲ್ಲಿ ಸಹಿಯಾದದ್ದು ಹೊರಕೋಣೆಗೆ ತಿಳಿಯುವುದು ತಡವಾಗಿ. ಒಳಮೈ ಹಿಗ್ಗಲು ಹೊರಟಾಗ ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಒಳಗಿನದು ಅದನ್ನು ಎಳೆಯುತ್ತದೆ. ಗಾಜು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯದು. ಕಣ್ಣಿಗೆ ಕಾಣದ ಒಂದು ಗೀರಿದ್ದರೂ ಸಾಕು, ಬಿರುಕು ಅಲ್ಲಿಂದ ಓಡುತ್ತದೆ. ಸ್ಟೀಲಿಗೆ ಈ ಕಷ್ಟವಿಲ್ಲ. ಅದು ಶಾಖವನ್ನು ಬೇಗ ಹಂಚುತ್ತದೆ, ಎಳೆದರೆ ತುಸು ಬಗ್ಗುತ್ತದೆ. ದಪ್ಪ ಗಾಜು ಹೆಚ್ಚು ತಾಳುತ್ತದೆ ಎಂಬ ನಂಬಿಕೆಯೂ ಇಲ್ಲಿ ತಲೆಕೆಳಗು. ದಪ್ಪವಾದಷ್ಟೂ ಒಳಗಿಗೂ ಹೊರಗಿಗೂ ಅಂತರ ಹೆಚ್ಚು.

ಕಾದ ಗಾಜಿಗೆ ತಣ್ಣೀರು ಬಿದ್ದರಂತೂ ಇನ್ನೂ ಕೆಟ್ಟದ್ದು. ಮೇಲ್ಮೈ ಫಕ್ಕನೆ ಕುಗ್ಗುತ್ತದೆ, ಒಳಗು ಬಿಡುವುದಿಲ್ಲ. ಉರಿಯುವ ಕಂದೀಲಿನ ಗಾಜಿನ ಮೇಲೆ ಮಳೆಹನಿ ಬಿದ್ದು ಒಡೆದದ್ದನ್ನು ಊರಿನಲ್ಲಿ ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅಮೆರಿಕದ ರೈಲ್ವೆಯ ಕಂದೀಲುಗಳಿಗೂ ಇದೇ ಕಾಟವಿತ್ತು. ಜರ್ಮನಿಯ ಆಟೋ ಷಾಟ್ 19ನೆಯ ಶತಮಾನದ ಕೊನೆಯಲ್ಲಿ ಬೋರಾನ್ ಬೆರೆಸಿ ಮಾಡಿದ ಬೋರೋಸಿಲಿಕೇಟ್ ಗಾಜು ಇದಕ್ಕೆ ಮದ್ದಾಯಿತು. ಅದು ಹಿಗ್ಗುವುದು ಸಾಮಾನ್ಯ ಗಾಜಿನ ಮೂರರಲ್ಲಿ ಒಂದು ಪಾಲು ಮಾತ್ರ. 1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅದನ್ನು 'ಪೈರೆಕ್ಸ್' ಎಂಬ ಹೆಸರಿನಿಂದ ಅಡುಗೆಮನೆಗೆ ತಂದಿತು.

ಹಾಗಾದರೆ ಊರಲ್ಲಿ ಒಡೆಯದ ಸೀಸೆ ಇಲ್ಲೇಕೆ ಒಡೆಯಿತು? ದೆಹಲಿಯ ಚಳಿ ಒಂದಿಷ್ಟು ಡಿಗ್ರಿ ಅಂತರ ಕೂಡಿಸಿತು, ನಿಜ. ದೊಡ್ಡ ಕಾರಣ ಬೇರೆ. "ಊರಲ್ಲಿ ಒಗ್ಗರಣೆಯನ್ನು ಯಾವಾಗ ಹಾಕುತ್ತಿದ್ದಿರಿ?" ಎಂದು ಅತ್ತೆಯವರನ್ನೇ ಕೇಳಿದೆವು. "ಪೂರ್ತಿ ಆರಿದ ಮ್ಯಾಲ." "ಏಕೆ?" "ನಮ್ಮತ್ತಿ ಹಂಗ ಮಾಡತಿದ್ರು." ಪದ್ಧತಿ ಬಂದಿತ್ತು, ಅದರ ಕಾರಣ ಬಂದಿರಲಿಲ್ಲ. ಸೊಸೆಗೆ ಪದ್ಧತಿಯೂ ತಲುಪಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಕಿಗೆ ನಾನ ಹೇಳಿದ್ದಿಲ್ಲ" ಎಂದರು.

ಆದ್ದರಿಂದ ಸೋದರಿಯರಲ್ಲಿ ವಿನಂತಿ. ಒಗ್ಗರಣೆ ಆರುವವರೆಗೆ ತಾಳಿ. ಚಳಿಗಾಲದಲ್ಲಿ ಗಾಜಿನ ಲೋಟಕ್ಕೆ ಕಾಫಿ ಬಗ್ಗಿಸುವ ಮುನ್ನ ಉಗುರುಬೆಚ್ಚನೆ ನೀರಿನಿಂದ ಗಲಬರಿಸಿ. ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲಿಡದೆ ಮಡಿಸಿದ ಬಟ್ಟೆಯ ಮೇಲಿಡಿ. ಫ್ರಿಜ್ಜಿನಿಂದ ತೆಗೆದ ಗಾಜನ್ನು, ಅದು ಬೋರೋಸಿಲಿಕೇಟ್ ಆದರೂ, ನೇರವಾಗಿ ಒಲೆಗೆ ಏರಿಸಬೇಡಿ. ಗೀರು ಬಿದ್ದ ಸೀಸೆಗೆ ಬೇಳೆಕಾಳಿನ ಕೆಲಸ ಕೊಡಿ.

ಇಷ್ಟಾಗಿಯೂ ಒಡೆದು ಯಾರಿಗಾದರೂ ಸುಟ್ಟರೆ, ಮೊದಲು 20 ನಿಮಿಷ ನಲ್ಲಿಯ ನೀರು ಬಿಡಿ. ಮಾತು ಆಮೇಲೆ ಆಡಬಹುದು.